ಕೋಳಿಗೂಡಿಗೆ ಜಾಗ ಯಾವುದು?

ಹಿತ್ತಲಲ್ಲಿ ಕೋಳಿಗೂಡು ಎಲ್ಲಿ ಕಟ್ಟಬೇಕು ಅನ್ನೋದು ಇತಿಹಾಸದ ಪ್ರಶ್ನೆ ಅಂದ್ರೆ ನೀವು ನಗಬಹುದು. ನಗಿ, ತೊಂದರೆ ಇಲ್ಲ. ಆದರೆ ಹತ್ತಿರ ಹತ್ತಿರ 2,000 ವರ್ಷಗಳ ಹಿಂದೆಯೇ ಒಬ್ಬ ಮನುಷ್ಯ ಈ ಪ್ರಶ್ನೆಗೆ ಅಡಿಗಳ ಲೆಕ್ಕದಲ್ಲಿ ಉತ್ತರ ಬರೆದಿಟ್ಟು ಹೋಗಿದ್ದಾನೆ. ಅವನ ಹೆಸರು ಕೊಲುಮೆಲ್ಲ. ಈಗಿನ ಸ್ಪೇನ್ ದೇಶದ ಕಾಡಿಸ್ ಎಂಬಲ್ಲಿ ಹುಟ್ಟಿ, ಇಟಲಿಯಲ್ಲಿ ಜಮೀನು ಮಾಡಿಕೊಂಡಿದ್ದವನು. ಕ್ರಿಸ್ತಶಕ ಒಂದನೇ ಶತಮಾನದಲ್ಲಿ ಬೇಸಾಯದ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ 12 ಭಾಗಗಳ ದೊಡ್ಡ ಪುಸ್ತಕ ಬರೆದ. ಅದರ ಎಂಟನೇ ಭಾಗ ಶುರುವಾಗುವುದೇ ಕೋಳಿಗಳಿಂದ.

ಅವನ ಪ್ರಕಾರ ಕೋಳಿಮನೆ ಅಂದ್ರೆ ಸಾಲಾಗಿ ಮೂರು ಕೋಣೆ. ಮುಖ ಚಳಿಗಾಲದಲ್ಲಿ ಸೂರ್ಯ ಹುಟ್ಟುವ ದಿಕ್ಕಿಗೆ, ಅಂದ್ರೆ ಪೂರ್ವದಿಂದ ಸ್ವಲ್ಪ ದಕ್ಷಿಣಕ್ಕೆ ಇರಬೇಕು. ನಡುವಿನ ಕೋಣೆ ಎಲ್ಲಾ ಕಡೆಯಿಂದಲೂ 7 ಅಡಿ. ಅದರಲ್ಲೊಂದು ಒಲೆ. ಅಕ್ಕಪಕ್ಕದ ಎರಡು ಕೋಣೆಗಳು 12 ಅಡಿ ಉದ್ದ, 12 ಅಡಿ ಎತ್ತರ. ಇಡೀ ಕೋಳಿಮನೆ ಅಡುಗೆಮನೆಗೋ ರೊಟ್ಟಿ ಸುಡುವ ಒಲೆಗೋ ಅಂಟಿಕೊಂಡಿರಬೇಕು, ಯಾಕಂದ್ರೆ ಹೊಗೆ ಕೋಳಿಗೆ ಒಳ್ಳೇದು ಅಂತಾನೆ. ಒಬ್ಬ ಆಳಿಗೆ 200 ಕೋಳಿ, ಅದಕ್ಕಿಂತ ಹೆಚ್ಚು ಬೇಡ ಅನ್ನುತ್ತಾನೆ. ಅಷ್ಟಕ್ಕೂ ಒಬ್ಬ ಆಳು ಸಾಲದು, ಹೊರಗೆ ಮೇಯುವ ಕೋಳಿಗಳ ಮೇಲೆ ಕಣ್ಣಿಡೋಕೆ ಚುರುಕಾದ ಒಬ್ಬ ಮುದುಕಿಯೋ ಹುಡುಗನೋ ಇರಲೇಬೇಕು ಅಂತ ಸೇರಿಸಿದ್ದಾನೆ. ಕಳ್ಳರೂ ಕಾಡುಪ್ರಾಣಿಗಳೂ ಹೊತ್ತುಕೊಂಡು ಹೋಗದ ಹಾಗೆ.

ಆಗ್ನೇಯ ದಿಕ್ಕು, ಪಕ್ಕದಲ್ಲಿ ಅಡುಗೆಮನೆ ಅಂದ ತಕ್ಷಣ ‘ನೋಡಿ, ರೋಮನ್ನರಿಗೂ ವಾಸ್ತು ಗೊತ್ತಿತ್ತು’ ಅಂತ ಯಾರಾದರೂ ಹೊರಡಬಹುದು. ಹಾಗೇನಿಲ್ಲ. ಕೊಲುಮೆಲ್ಲನ ಲೆಕ್ಕ ಬಿಸಿಲಿನದು. ಇಟಲಿಯ ಚಳಿಗಾಲದಲ್ಲಿ ಕೋಳಿಗೆ ಬೆಳಗಿನ ಮೊದಲ ಬಿಸಿಲು ಬೇಕು, ರಾತ್ರಿ ಒಲೆಯ ಕಾವು ಬೇಕು, ಹೇನು ಉಣ್ಣೆ ಓಡಿಸೋಕೆ ಹೊಗೆ ಬೇಕು. ಇವೆಲ್ಲದರ ಜೊತೆಗೆ ಅವನು ಕೊನೆಗೆ ಹೇಳಿದ ಆ ಮುದುಕಿಯೂ ಬೇಕು. ಬಿಸಿಲು, ಒಲೆ, ಕಣ್ಣು. ಕೋಳಿಗೂಡಿನ ಜಾಗವನ್ನು ತೀರ್ಮಾನ ಮಾಡೋದು ಈ ಮೂರು ಅಂತ ಅವನನ್ನು ಓದಿದಾಗ ನನಗೆ ಅನಿಸಿತು. ಆಮೇಲಿನ ಚರಿತ್ರೆ ನೋಡುತ್ತಾ ಹೋದರೆ ಮೊದಲ ಎರಡಕ್ಕೆ ಮನುಷ್ಯ ಬದಲಿ ವ್ಯವಸ್ಥೆ ಕಂಡುಕೊಂಡ. ಮೂರನೆಯದಕ್ಕೆ ಮಾತ್ರ ಇವತ್ತಿಗೂ ಸರಿಯಾದ ಬದಲಿ ಸಿಕ್ಕಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕೋಳಿಗೆ ಜಾಗ ಆರಿಸಿದ್ದು ಮೊದಲು ಯಾರು? ನಾವಲ್ಲ, ಕೋಳಿಯೇ.

2020ರಲ್ಲಿ ವಿಜ್ಞಾನಿಗಳು ಸಾಕುಕೋಳಿ, ಕಾಡುಕೋಳಿ ಎರಡೂ ಸೇರಿ 863 ಹಕ್ಕಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ನಮ್ಮ ಸಾಕುಕೋಳಿಗಳಿಗೆ ತೀರಾ ಹತ್ತಿರದ ನೆಂಟ ಅಂತ ಸಿಕ್ಕಿದ್ದು ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್ ಕಡೆ ಇರುವ ಕೆಂಪು ಕಾಡುಕೋಳಿಯ ಒಂದು ತಳಿ. ಎರಡು ವರ್ಷದ ನಂತರ, 2022ರಲ್ಲಿ, ಇನ್ನೊಂದು ತಂಡ 89 ದೇಶಗಳ 600ಕ್ಕೂ ಹೆಚ್ಚು ಜಾಗಗಳಲ್ಲಿ ಸಿಕ್ಕಿದ್ದ ಹಳೆಯ ಕೋಳಿ ಮೂಳೆಗಳನ್ನು ಮತ್ತೆ ಪರೀಕ್ಷೆ ಮಾಡಿತು. ಸಾಕಿದ ಕೋಳಿ ಅಂತ ಭರವಸೆಯಿಂದ ಹೇಳಬಹುದಾದ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿನವು. ಕಾಲ ಕ್ರಿಸ್ತಪೂರ್ವ 1650ರಿಂದ 1250ರ ನಡುವೆ. ಅಲ್ಲಿನ ಜನ ಮಳೆಯಾಶ್ರಯದಲ್ಲಿ ಭತ್ತ, ಕಿರುಧಾನ್ಯ ಬೆಳೆಯೋಕೆ ಶುರು ಮಾಡಿದ ಮೇಲೆ ಮರ, ಮೆಳೆಗಳಲ್ಲಿದ್ದ ಹಕ್ಕಿ ಕಾಳಿನಾಸೆಗೆ ಗದ್ದೆಗೆ ಬಂತು, ಕಣಕ್ಕೆ ಬಂತು, ಕಣಜದ ಬುಡಕ್ಕೆ ಬಂತು ಅನ್ನೋದು ಅವರ ವಾದ. ಮನುಷ್ಯ ಹಿಡಿದು ತಂದು ಕೂಡಿಹಾಕುವ ಮೊದಲೇ ಅದು ಕಾಳು ಚೆಲ್ಲುವ ಕೈ ಎಲ್ಲಿದೆ ಅಂತ ನೋಡಿಕೊಂಡು ತನ್ನ ಜಾಗ ಗುರುತು ಮಾಡಿಕೊಂಡಿತ್ತು.

ಈ ಕಥೆಯಲ್ಲಿ ನಮ್ಮದೂ ಒಂದು ಪಾಲಿದೆ. ಕೆಂಪು ಕಾಡುಕೋಳಿಯ ಚರ್ಮ ಹಳದಿ ಅಲ್ಲ. ಹಾಗಾದರೆ ಸಾಕುಕೋಳಿಯ ಹಳದಿ ಕಾಲು ಎಲ್ಲಿಂದ ಬಂತು? 2008ರಲ್ಲಿ ಅದರ ಮೂಲ ಗೊತ್ತಾಯಿತು: ಬೂದು ಕಾಡುಕೋಳಿಯಿಂದ. ಅಂದ್ರೆ ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳಗಾಗೆದ್ದು ಕೂಗುವ, ಕುತ್ತಿಗೆಯಲ್ಲಿ ಚುಕ್ಕಿ ಚುಕ್ಕಿ ಗರಿ ಇರುವ ಅದೇ ಕಾಡುಕೋಳಿ. ಅದು ಭಾರತದ ಪರ್ಯಾಯ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. ಎಲ್ಲೋ ಒಂದು ಕಾಡಂಚಿನ ಊರಲ್ಲಿ, ಮೇಯೋಕೆ ಬಿಟ್ಟ ಹೇಂಟೆಗೂ ಬೇಲಿ ಆಚೆಯಿಂದ ಬಂದ ಹುಂಜಕ್ಕೂ ಸಂಬಂಧ ಕೂಡಿ, ಇವತ್ತು ಲೋಕದ ಎಷ್ಟೋ ಕೋಳಿಗಳ ಕಾಲು ಹಳದಿಯಾಗಿದೆ. ಗೂಡು ಎಲ್ಲಿತ್ತು ಅನ್ನೋದು ಕೋಳಿಯ ಮೈಬಣ್ಣದಲ್ಲೇ ಉಳಿದುಬಿಟ್ಟಿದೆ ನೋಡಿ.

ಕಾಡಿನ ಗುಣ ಇನ್ನೂ ಎರಡು ಉಳಿದಿವೆ. ಗೂಡಿಗೆ ಜಾಗ ನೋಡುವವರು ಇವನ್ನು ಮರೆಯಬಾರದು. ಒಂದು, ಕತ್ತಲಾದರೆ ಕೋಳಿ ಎತ್ತರ ಹುಡುಕುತ್ತದೆ. ಕಾಡಲ್ಲಿ ಕೊಂಬೆ ಮೇಲೆ ಮಲಗಿದ ಹಕ್ಕಿ, ಹಾಗಾಗಿ ಗೂಡಿನೊಳಗೆ ಅಡ್ಡಗಳ ಬೇಕು. ಎರಡು, ಅದು ಬಯಲು ಹಕ್ಕಿ ಅಲ್ಲ, ಮರೆಯ ಹಕ್ಕಿ. ತಲೆ ಮೇಲೆ ಗಿಡುಗನ ನೆರಳು ಹಾದರೆ ನುಸುಳೋಕೆ ಒಂದು ಪೊದೆ ಬೇಕು. ಬಟಾಬಯಲಲ್ಲಿ ಬೇಲಿ ಹಾಕಿ ಬಿಟ್ಟರೆ ಅದು ಗೋಡೆ ಬುಡದಲ್ಲೇ ನಿಂತುಬಿಡುತ್ತದೆ. ಎಷ್ಟು ಅಡಿ ಬೇಲಿ ಹಾಕಿದ್ದೀರಿ ಅನ್ನೋದಕ್ಕಿಂತ ಅದರೊಳಗೆ ಎಷ್ಟು ನೆರಳಿದೆ ಅನ್ನೋದು ಮುಖ್ಯ.

ಇನ್ನು ನಮ್ಮ ಊರುಗಳಿಗೆ ಬರೋಣ. ನಾನು ಹುಟ್ಟಿ ಬೆಳೆದದ್ದು ಹಾಸನದ ಕಡೆಯ ಒಂದು ಹಳ್ಳಿ. ನಮ್ಮ ಮನೆಯ ಕೋಳಿಗೂಡು ಜಗಲಿಯ ಹೊಟ್ಟೆಯೊಳಗಿತ್ತು. ಜಗಲಿ ಕಟ್ಟುವಾಗಲೇ ಒಂದು ಕಡೆ ಟೊಳ್ಳು ಬಿಟ್ಟು, ಬಾಯಿಗೆ ಅಳತೆಯ ಚಪ್ಪಡಿ ಕಲ್ಲು ಇಟ್ಟಿದ್ದರು. ಸಂಜೆ ದೀಪ ಹಚ್ಚೋ ಹೊತ್ತಿಗೆ ಕೋಳಿಗಳು ತಾವೇ ಬಂದು ಒಳಗೆ ಸೇರೋವು, ಅವ್ವ ಎಣಿಸಿ ಕಲ್ಲು ಮುಚ್ಚೋಳು. ಮರಿ ಇರೋ ಹೇಂಟೆಗೆ ಬೇರೆ ವ್ಯವಸ್ಥೆ: ನಡುಮನೆ ಮೂಲೆಯಲ್ಲಿ ಮಂಕರಿ ಕವುಚಿ, ಮೇಲೊಂದು ಕಲ್ಲು. ಮಲೆನಾಡಿನ ಕಡೆ ನೆಂಟರ ಮನೆಗಳಿಗೆ ಹೋದರೆ ಅಲ್ಲಿ ಕೊಟ್ಟಿಗೆ ಪಕ್ಕ ಮರದ ಒಡ್ಡಿ, ನೆಲಕ್ಕಿಂತ ಎತ್ತರದಲ್ಲಿ. ಮಳೆ ಹೆಚ್ಚಿರೋ ಕಡೆ ನೆಲ ಆರೋದೇ ಇಲ್ಲ, ಅದಕ್ಕೆ. ಬಚ್ಚಲ ಒಲೆಯ ಬೂದಿ ರಾಶಿ ಎಲ್ಲಿರುತ್ತಿತ್ತೋ ಅಲ್ಲಿ ಕೋಳಿಗಳು ಮಧ್ಯಾಹ್ನ ಹೊರಳಾಡಿ ಮೈ ಕೊಡವಿಕೊಳ್ಳೋವು. ಕೊಲುಮೆಲ್ಲನೂ ಕೋಳಿ ಹೊರಳೋಕೆ ಒಣ ಮಣ್ಣು, ಬೂದಿ ಇರಲಿ ಅಂತ ಬರೆದಿದ್ದಾನೆ. ಅವ್ವ ಅವನನ್ನು ಓದಿರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಆದರೆ ಊರಲ್ಲಿ ಎಲ್ಲಾ ಕೇರಿಯಲ್ಲೂ ಕೋಳಿ ಇರಲಿಲ್ಲ. ಇದನ್ನು ಹೇಳದೆ ಕೋಳಿಗೂಡಿನ ಚರಿತ್ರೆ ಪೂರ್ತಿಯಾಗಲ್ಲ. ಮನುಸ್ಮೃತಿಯ ಐದನೇ ಅಧ್ಯಾಯ ದ್ವಿಜರಿಗೆ ಬೇಡವೆನ್ನುವ ಪದಾರ್ಥಗಳ ಪಟ್ಟಿಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಅಣಬೆ, ಊರಹಂದಿಯ ಜೊತೆ ಕೋಳಿಯನ್ನೂ ಸೇರಿಸುತ್ತದೆ. ಬರೀ ಕೋಳಿ ಅಲ್ಲ, ‘ಗ್ರಾಮಕುಕ್ಕುಟ’, ಊರಕೋಳಿ. ಆ ‘ಗ್ರಾಮ’ ಅನ್ನೋ ಪದದ ಮೇಲೆ ಬೆರಳಿಟ್ಟು ನೋಡಿ. ತಕರಾರು ಹಕ್ಕಿಯ ಮೇಲೆ ಅಷ್ಟಿಲ್ಲ, ಅದು ಇರುವ ಜಾಗದ ಮೇಲಿದೆ. ಊರೊಳಗಿನ ಕೋಳಿ ತಿಪ್ಪೆ ಕೆದಕುತ್ತದೆ, ಎಲ್ಲರ ಹಿತ್ತಲಿಗೂ ನುಗ್ಗುತ್ತದೆ. ಹೀಗೆ ಕೋಳಿಗೂಡು ಇದ್ದ ಮನೆ, ಇಲ್ಲದ ಮನೆ ಅಂತ ಊರಿನ ನಕ್ಷೆಯಲ್ಲೇ ಒಂದು ಗೆರೆ ಬಿತ್ತು. ಹೊಸದಾಗಿ ಊರಿಗೆ ಬಂದವನು ಯಾವ ಕೇರಿಯಲ್ಲಿ ನಿಂತಿದ್ದೇನೆ ಅಂತ ಕೋಳಿ ನೋಡಿ ತಿಳಿಯಬಹುದಿತ್ತು. ಇವತ್ತಿಗೂ ಪಟ್ಟಣದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಬರುವ ಪ್ರಶ್ನೆಗಳಲ್ಲಿ ಆ ಗೆರೆ ಪೂರ್ತಿ ಅಳಿಸಿಹೋಗಿದೆ ಅಂತ ನನಗನಿಸಲ್ಲ.

ಗೆರೆಯ ಈಚೆ ಇದ್ದ ಮನೆಗಳಲ್ಲಿ ಕೋಳಿ ಒಂದು ಸಣ್ಣ ಬ್ಯಾಂಕು. ಆ ಬ್ಯಾಂಕು ಹೆಂಗಸರದು. ಅಪ್ಪ ರಾಗಿ ಮಾರಿದ ದುಡ್ಡು ಮನೆಯ ದುಡ್ಡು, ಅದಕ್ಕೆ ಸಾಲಗಾರರೂ ಬರೋರು, ಸಂಬಂಧಿಕರೂ ಬರೋರು. ಮೊಟ್ಟೆಯ ದುಡ್ಡು ಮಾತ್ರ ಅವ್ವನ ಸಾಸಿವೆ ಡಬ್ಬಿಗೆ. ನನ್ನ ನೋಟ್‌ಬುಕ್ಕು, ಅಕ್ಕನ ಬಳೆ, ಊರಿಗೆ ಹೋಗೋ ಬಸ್ ಚಾರ್ಜು, ತವರಿನಿಂದ ಯಾರಾದರೂ ಬಂದರೆ ಕಾಫಿಪುಡಿ, ಎಲ್ಲ ಆ ಡಬ್ಬಿಯಿಂದಲೇ. ಎಷ್ಟಿದೆ ಅಂತ ಅಪ್ಪ ಒಂದು ದಿನವೂ ಕೇಳಿದ್ದಿಲ್ಲ. ಅವರು ದೊಡ್ಡ ಮನಸ್ಸಿನವರು ಅನ್ನೋದು ಒಂದು ಕಾರಣ ಇರಬಹುದು. ಗೂಡು ಇದ್ದ ಜಾಗವೂ ಇನ್ನೊಂದು ಕಾರಣ ಅಂತ ಈಗ ಅನಿಸುತ್ತದೆ. ಬಾಗಿಲ ಬಳಿಯ ಗೂಡು, ಒಲೆಯ ಬೂದಿ, ಮುಸುರೆಯ ಅನ್ನ, ಎಲ್ಲವೂ ಅವ್ವನ ಓಡಾಟದ ದಾರಿಯಲ್ಲೇ ಇದ್ದವು. ಅವಳ ದಾರಿಯಲ್ಲಿದ್ದದ್ದು ಅವಳದಾಗಿ ಉಳಿಯಿತು.

ಹಾಗಾದರೆ ಗೂಡು ಮನೆ ಬಿಟ್ಟು ದೂರ ಹೋದದ್ದು ಯಾವಾಗ? ಇದಕ್ಕೆ ನಾವು ಅಮೆರಿಕಕ್ಕೆ ಹೋಗಬೇಕು, ಯಾಕಂದ್ರೆ ಕೋಳಿ ಸಾಕಾಣಿಕೆ ಅಲ್ಲಿ ತಿರುಗಿದ ಹಾಗೆ ಮತ್ತೆಲ್ಲೂ ತಿರುಗಲಿಲ್ಲ.

ನೂರು ವರ್ಷದ ಹಿಂದೆ ಅಲ್ಲಿನ ಹೊಲಮನೆಗಳಲ್ಲೂ ಕೋಳಿ ಹೆಂಗಸರದೇ, ಮೊಟ್ಟೆ ದುಡ್ಡು ಅವರದೇ. ಕೋಳಿಗಳನ್ನು ವರ್ಷಪೂರ್ತಿ ಒಳಗೇ ಕೂಡಿಹಾಕೋಕೆ ನೋಡಿದವರಿಗೆ ಒಂದು ಅಡ್ಡಿ ಇತ್ತು. ಬಿಸಿಲು ಕಾಣದ ಮರಿಗಳ ಕಾಲು ಸೊಟ್ಟಗಾಗಿ, ನಿಲ್ಲಲಾರದೆ ಬೀಳುತ್ತಿದ್ದವು. 1920ರ ದಶಕದ ಮೊದಲ ವರ್ಷಗಳಲ್ಲಿ ಅದು ಮಕ್ಕಳಿಗೆ ಬರುವ ರಿಕೆಟ್ಸ್ ಥರದ್ದೇ ಕಾಯಿಲೆ, ವಿಟಮಿನ್ ಡಿ ಕೊರತೆಯದ್ದು ಅಂತ ಖಚಿತವಾಯಿತು. ಕಾಡ್ ಮೀನಿನ ಎಣ್ಣೆ ಬೆರೆಸಿದ ಮೇವು ಕೊಟ್ಟರೆ ಬಿಸಿಲಿಲ್ಲದೆಯೂ ಮರಿ ಬೆಳೆಯಿತು. ಕೊಲುಮೆಲ್ಲನ ಮೊದಲ ಷರತ್ತು ಅಲ್ಲಿಗೆ ಬಿದ್ದುಹೋಯಿತು. ಗೂಡಿನ ಮುಖ ಯಾವ ದಿಕ್ಕಿಗಿದ್ದರೇನು, ಬಿಸಿಲು ಬಾಟಲಿಯಲ್ಲಿ ಬರುತ್ತಿತ್ತಲ್ಲ.

ಅದೇ ಹೊತ್ತಿಗೆ, 1923ರಲ್ಲಿ, ಡೆಲವೇರ್ ರಾಜ್ಯದ ಓಷನ್ ವ್ಯೂ ಎಂಬ ಊರಿನ ಸಿಸಿಲ್ ಸ್ಟೀಲ್ ಎಂಬಾಕೆ ಮೊಟ್ಟೆಗಾಗಿ 50 ಮರಿಗಳಿಗೆ ಆರ್ಡರ್ ಕೊಟ್ಟರು. ಯಾರದೋ ತಪ್ಪಿನಿಂದ 500 ಬಂದವು. ಆಕೆ ವಾಪಸ್ ಕಳಿಸಲಿಲ್ಲ. 16 ಅಡಿಗೆ 16 ಅಡಿಯ ಒಂದು ಸಣ್ಣ ಶೆಡ್ ಹಾಕಿಸಿ ಮಾಂಸಕ್ಕಾಗಿ ಬೆಳೆಸಿ, ಉಳಿದವನ್ನು ಮಾರಿದರು. ಲಾಭ ಬಂತು. ಮುಂದಿನ ಸಲ ಇನ್ನೂ ಹೆಚ್ಚು. 1926ರ ಹೊತ್ತಿಗೆ 10,000 ಕೋಳಿ ಹಿಡಿಸುವ ಶೆಡ್. ಕರಾವಳಿ ಕಾವಲು ಪಡೆಯಲ್ಲಿದ್ದ ಗಂಡ ಕೆಲಸ ಬಿಟ್ಟು ಕೋಳಿಗೆ ಬಂದರು. ಬ್ರಾಯ್ಲರ್ ಉದ್ಯಮದ ತಾಯಿ ಅಂತ ಆಕೆಯನ್ನು ಕರೆಯುತ್ತಾರೆ. ಆಕೆಯ ಆ ಮೊದಲ ಶೆಡ್ಡನ್ನು ಅಮೆರಿಕದ ಚಾರಿತ್ರಿಕ ಕಟ್ಟಡಗಳ ಪಟ್ಟಿಯಲ್ಲಿ ಸೇರಿಸಿ ಕಾಪಾಡಿಕೊಂಡಿದ್ದಾರೆ. ಒಂದು ಕೋಳಿಗೂಡಿಗೆ ಅಂಥ ಗೌರವ!

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕೋಳಿಯನ್ನು ಉದ್ಯಮ ಮಾಡಿದ್ದು ಒಬ್ಬ ಹೆಂಗಸು, ತನ್ನ ಹಿತ್ತಲಿನಿಂದಲೇ. ಆದರೆ ಹಿತ್ತಲಿನ ಗೂಡು ಶೆಡ್ಡಾಗಿ, ಶೆಡ್ಡುಗಳು ಸಾಲಾಗಿ, ಸಾಲುಗಳು ಊರಾಚೆಗೆ ಹೋದ ಹಾಗೆ ಸಾಸಿವೆ ಡಬ್ಬಿ ಹೋಗಿ ಕಂಪನಿಯ ಲೆಕ್ಕದ ಪುಸ್ತಕ ಬಂತು. ಒಲೆಯ ಬದಲು ಬಲ್ಬಿನ ಕಾವು ಬಂತು, ಹೊಗೆಯ ಬದಲು ಔಷಧಿ ಬಂತು. 1930ರ ದಶಕದಿಂದ ಮೊಟ್ಟೆ ಕೋಳಿಗಳಿಗೆ ತಂತಿ ಪಂಜರಗಳೂ ಬಂದವು. ಸಾವಿರಾರು ಕೋಳಿಗಳ ನಡುವೆ ಇವತ್ತು ಯಾವುದು ಮಂಕಾಗಿದೆ, ಯಾವುದು ಗುಂಪು ಬಿಟ್ಟು ಕೂತಿದೆ ಅಂತ ಗುರುತು ಹಿಡಿಯುವ ಕಣ್ಣು ಎಲ್ಲಿಂದ ಬರಬೇಕು? ಆ ಮುದುಕಿಗೆ ಬದಲಿ ಸಿಗಲಿಲ್ಲ. ಬರೀ ತಂತಿಯ ಆ ಹಳೇ ಮಾದರಿ ಪಂಜರಗಳನ್ನು ಐರೋಪ್ಯ ಒಕ್ಕೂಟ 2012ರಿಂದ ನಿಷೇಧ ಮಾಡಿತು ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕಷ್ಟಕಾಲ ಬಂದಾಗ ಮಾತ್ರ ದೊಡ್ಡ ದೊಡ್ಡ ಸರ್ಕಾರಗಳಿಗೂ ಹಿತ್ತಲು ನೆನಪಾಗಿದೆ. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಕೃಷಿ ಇಲಾಖೆ ಮನೆಯಲ್ಲಿ ತಲೆಗೆ ಎರಡರಂತೆ ಹೇಂಟೆ ಸಾಕಿ ಅಂತ ಭಿತ್ತಿಪತ್ರ ಅಂಟಿಸಿತು. ಎರಡನೇ ಮಹಾಯುದ್ಧದ ಬ್ರಿಟನ್ನಿನಲ್ಲಿ ಪಡಿತರದ ಮೊಟ್ಟೆ ತಲೆಗೆ ವಾರಕ್ಕೊಂದು. ಅದೂ ಸಿಕ್ಕರೆ ಸಿಕ್ಕಿತು. ಆ ಒಂದು ಮೊಟ್ಟೆಯ ಹಕ್ಕು ಬಿಟ್ಟುಕೊಟ್ಟವರಿಗೆ ಕೋಳಿ ಮೇವು ಕೊಡುತ್ತಿದ್ದರು. ಮನೆಯ ಆಲೂಗೆಡ್ಡೆ ಸಿಪ್ಪೆ ಬೇಯಿಸಿ ಅದಕ್ಕೆ ಬೆರೆಸಿ ಹಾಕಬೇಕು. ಬಾಂಬು ಬೀಳುತ್ತಿದ್ದ ಊರುಗಳಲ್ಲೂ ಗೂಡು ಮತ್ತೆ ಅಡುಗೆಮನೆಯ ಹಿಂಬಾಗಿಲಿಗೆ ಬಂತು. ಮುಸುರೆ ಎಲ್ಲಿದೆಯೋ ಅಲ್ಲಿ ಕೋಳಿ. ಥಾಯ್ಲೆಂಡಿನ ಕಣಜದ ಬುಡದಲ್ಲಿ ನಡೆದದ್ದೂ ಅದೇ ತಾನೆ.

ಇಷ್ಟೆಲ್ಲ ಹೇಳಿ, ಗೂಡು ಮನೆಗೆ ಅಂಟಿಕೊಂಡೇ ಇರಲಿ ಅಂತ ತೀರ್ಪು ಕೊಡೋಕೆ ನಾನು ತಯಾರಿಲ್ಲ. ಯಾಕಂದ್ರೆ ಇನ್ನೊಂದು ಚರಿತ್ರೆ ಇದೆ, ಅದು ರೋಗದ್ದು. ನಮ್ಮ ಕಡೆ ಕೊಕ್ಕರೆ ರೋಗ ಅನ್ನುತ್ತೇವಲ್ಲ, ಒಂದೇ ವಾರದಲ್ಲಿ ಕೇರಿಗೆ ಕೇರಿಯ ಕೋಳಿ ಖಾಲಿ ಮಾಡುವ ರೋಗ, ಅದನ್ನು 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಮೊದಲು ಗುರುತಿಸಿದರು. ಅದಾದ ಸ್ವಲ್ಪದರಲ್ಲೇ ನಮ್ಮ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಕಾಣಿಸಿಕೊಂಡು, ಇಲ್ಲಿ ಅದಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತು. ಅದಕ್ಕೆ ಲಸಿಕೆ ಇದೆ. ಹಕ್ಕಿಜ್ವರದ ಮಾತು ಬೇರೆ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಅದು ದೇಶದಲ್ಲೇ ಮೊದಲ ಸಲ ಪತ್ತೆಯಾದಾಗ ಸುತ್ತಲಿನ ಫಾರಂ ಕೋಳಿ ಜೊತೆಗೆ ಮನೆಗಳ ಕೋಳಿಯನ್ನೂ ಕೊಲ್ಲಬೇಕಾಯಿತು. 2012ರಲ್ಲಿ ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಸರ್ಕಾರಿ ಕೋಳಿ ಕೇಂದ್ರಕ್ಕೂ ಬಂತು. ಮನುಷ್ಯ ಮಲಗುವ ಕೋಣೆಯ ಮೂಲೆಯಲ್ಲಿ ಮಂಕರಿ ಕವುಚುವ ಕಾಲ ಮುಗಿಯಿತು, ಮುಗಿಯಬೇಕಾದ್ದೇ. ನಡುಮನೆಯ ಮೂಲೆಗೂ ಊರಾಚೆಯ ಶೆಡ್ಡಿಗೂ ಮಧ್ಯೆ ಜಾಗ ಇದೆಯಲ್ಲ, ಪ್ರಶ್ನೆ ಅಲ್ಲಿದೆ.

ಈ ಪ್ರಶ್ನೆ ಹೋದ ವರ್ಷ ನಮ್ಮ ಮನೆಗೇ ಬಂತು. ತಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದ. ಜಗಲಿ ಹೋಯಿತು, ಅದರ ಹೊಟ್ಟೆಯಲ್ಲಿದ್ದ ಗೂಡೂ ಹೋಯಿತು. ಹೊಸ ಗೂಡಿಗೆ ಅವನು ತೋರಿಸಿದ ಜಾಗ ಹಿಂದಿನ ಕಾಂಪೌಂಡ್ ಮೂಲೆ, ಮನೆಯಿಂದ 100 ಅಡಿ ದೂರ. ಅವನ ಮಾತಲ್ಲೂ ನ್ಯಾಯ ಇತ್ತು. ಮನೆಯಲ್ಲಿ ಎರಡು ವರ್ಷದ ಮಗು ಇದೆ, ವಾಸನೆ ಬರುತ್ತೆ, ನೊಣ ಬರುತ್ತೆ, ಹಕ್ಕಿಜ್ವರ ಅಂತ ಪೇಪರಿನಲ್ಲಿ ಓದ್ತಾನೇ ಇರ್ತೀವಿ.

ಅವ್ವನಿಗೆ 70 ದಾಟಿದೆ, ಮಂಡಿ ನೋವು. ಅವಳು ಹೇಳಿದ್ದು ಒಂದೇ ಮಾತು: ‘ಅಲ್ಲಿ ಕಟ್ಟಿಸಿದ್ರೆ ನೀನೇ ಸಾಕ್ಕೋ ಕಣಪ್ಪ. ನನ್ ಕಣ್ಣಿಗೆ ಕಾಣ್ದಿದ್ದು ನನ್ ಕೋಳಿ ಅಲ್ಲ.’

‘ನಾನ್ ದಿನಾ ಹೋಗಿ ನೋಡ್ಕೊಂಡ್ ಬರ್ತೀನಿ ಬಿಡವ್ವ’ ಅಂದ ತಮ್ಮ.

‘ನೀನ್ ಹೋಗೋದು ಬೆಳಿಗ್ಗೆ ಒಂದ್ಸಲ. ಮುಂಗುಸಿ ಏನ್ ನಿನ್ನ ಟೈಮು ಕೇಳ್ಕೊಂಡ್ ಬರುತ್ತಾ?’

ಒಂದು ವಾರ ಮನೆಯಲ್ಲಿ ಈ ವಿಷಯಕ್ಕೆ ಮಾತೇ ಇಲ್ಲ. ಗೂಡು ಅನ್ನೋದು ನೆಪ, ಹೊಸ ಮನೆಯಲ್ಲಿ ತನಗೆ ಅಂತ ಏನು ಉಳಿದಿದೆ ಅನ್ನೋದೇ ಅವ್ವನ ಪ್ರಶ್ನೆ ಅಂತ ನನಗೆ ಗೊತ್ತಾಯಿತು, ತಮ್ಮನಿಗೂ ಗೊತ್ತಾಗಿತ್ತು. ಆಮೇಲೆ ಮೂವರೂ ಒಂದು ಭಾನುವಾರ ಹಿತ್ತಲಲ್ಲಿ ನಿಂತು ಮಾತಾಡಿದೆವು. ಕೊನೆಗೆ ಗೂಡು ಬಂದದ್ದು ಅಡುಗೆಮನೆಯ ಹಿಂಬಾಗಿಲಿಂದ 25 ಅಡಿ ದೂರಕ್ಕೆ, ಪಾತ್ರೆ ತೊಳೆಯೋ ಕಲ್ಲಿನ ಮೇಲೆ ಕೂತರೆ ನೇರ ಕಾಣುವ ಹಾಗೆ. ಮಗುವಿನ ಕೋಣೆಯ ಕಿಟಕಿ ಮನೆಯ ಇನ್ನೊಂದು ಮಗ್ಗುಲಿಗಿದೆ. ಹಿಕ್ಕೆ ಗೋರಿ ಹಾಕುವ ಗೊಬ್ಬರದ ಗುಂಡಿ ಮಾತ್ರ ತಮ್ಮ ಹೇಳಿದ ಆ ಕಾಂಪೌಂಡ್ ಮೂಲೆಗೇ ಹೋಯಿತು, ಹಾಕಿ ಬರುವ ಕೆಲಸವೂ ಅವನದೇ.

ಅಲ್ಲಿ ನಿಂತು ಲೆಕ್ಕ ಹಾಕುವಾಗ ಕೊಲುಮೆಲ್ಲ ಉಪಯೋಗಕ್ಕೆ ಬಂದ, ಆದರೆ ತಿರುಗುಮುರುಗಾಗಿ. ಅವನಿಗೆ ಚಳಿಯ ಭಯ, ನಮಗೆ ಮಧ್ಯಾಹ್ನದ ಬಿಸಿಲಿನ ಭಯ. ಕೋಳಿ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ನಮ್ಮಲ್ಲಿ ಸಂಜೆಬಿಸಿಲು ಬರೋದು ಪಶ್ಚಿಮದಿಂದ. ಮುಂಗಾರಿನ ಎರಚಲು ಬರೋದೂ ಪಶ್ಚಿಮ, ನೈಋತ್ಯದಿಂದ. ಆದ್ದರಿಂದ ಪಶ್ಚಿಮದ ಕಡೆ ಒಂದು ಪೂರ್ತಿ ಗೋಡೆ ಎದ್ದರೆ ಎರಡು ಕೆಲಸ ಆಯಿತು. ಪೂರ್ವದ ಕಡೆ ಜಾಲರಿ, ಬೆಳಗಿನ ಬಿಸಿಲು ಒಳಗೆ ಬಿದ್ದು ನೆಲದ ಹೊಟ್ಟು ಆರಲಿ ಅಂತ. ಒದ್ದೆ ಹೊಟ್ಟಿನಲ್ಲೇ ಮರಿಗಳ ರಕ್ತಭೇದಿ ಬೆಳೆಯೋದು. ಹಿಂಗಾರಿನ ಮಳೆ ಆ ಕಡೆಯಿಂದ ಹೊಡೆಯುತ್ತದೆ, ಅದಕ್ಕೆ ಸೂರನ್ನು 3 ಅಡಿ ಮುಂದಕ್ಕೆ ಚಾಚಿದ್ದಾಯಿತು. ಹೊದಿಸಿದ್ದು ಹಳೇ ಮನೆಯ ಹೆಂಚು. ನೆಲ 2 ಅಡಿ ಎತ್ತರ, ಸುತ್ತ ನೀರು ನಿಲ್ಲದ ಇಳಿಜಾರು. ಕುಡಿಯೋ ನೀರಿನ ಬಾವಿ ಇರುವ ಕಡೆಗೆ ಆ ಇಳಿಜಾರು ಇಲ್ಲ ಅನ್ನೋದನ್ನೂ ನೋಡಿಕೊಂಡೆವು.

ಅಳತೆ ಕೇಳುವವರಿಗೆ: ಒಂದು ಡಜನ್ ಕೋಳಿಗೆ ಒಳಗೆ 6 ಅಡಿಗೆ 6 ಅಡಿ, ಹೊರಗೆ ಓಡಾಡೋಕೆ 10 ಅಡಿಗೆ 12 ಅಡಿ. ಆ ಓಡಾಟದ ಜಾಗ ಸೀಬೆ ಮರದ ಕೆಳಗಿದೆ. ಗಿಡುಗನಿಗೆ ಮರೆ, ಮಧ್ಯಾಹ್ನಕ್ಕೆ ನೆರಳು, ಬಿದ್ದ ಹಣ್ಣು ಕೋಳಿಗೆ. ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಕೊಡೋ ತೆಳ್ಳನೆ ತಂತಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೆ, ನಾಯಿಯನ್ನು ಹೊರಗಿಡಲ್ಲ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ಹಾಕಿ, ಹೆಗ್ಗಣ ತೋಡದ ಹಾಗೆ 1 ಅಡಿ ನೆಲದೊಳಗೆ ಹೂಳಿ.

ಇನ್ನು ಪಕ್ಕದ ಮನೆಯವರು. ಗೂಡಿನ ಜಾಗ ಅಂದ ಮೇಲೆ ಅವರ ಕಿಟಕಿಯೂ ನಕ್ಷೆಯಲ್ಲಿರಬೇಕು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗಲ್ಲ ಅಂತ ಕೋಳಿ ಎತ್ತಿಕೊಂಡು ಊರು ಬಿಟ್ಟ ಮುದುಕಿಯ ಕಥೆ ನಮಗೆಲ್ಲ ಗೊತ್ತು. ಈಗ ಕಾಲ ತಿರುಗಿದೆ, ಕೋಳಿ ಕೂಗೋದೇ ತಪ್ಪು. ಫ್ರಾನ್ಸಿನ ಒಲೆರಾನ್ ದ್ವೀಪದಲ್ಲಿ ಮೊರೀಸ್ ಎಂಬ ಹುಂಜದ ಕೂಗಿನಿಂದ ನಿದ್ದೆ ಹಾಳಾಗುತ್ತದೆ ಅಂತ ನೆರೆಯವರು ಕೋರ್ಟಿಗೆ ಹೋದರು. 2019ರಲ್ಲಿ ಕೋರ್ಟು ಹುಂಜದ ಪರ ತೀರ್ಪು ಕೊಟ್ಟಿತು. 2021ರಲ್ಲಿ ಹಳ್ಳಿಯ ಶಬ್ದ, ವಾಸನೆಗಳನ್ನೂ ಪರಂಪರೆ ಅಂತ ಒಪ್ಪುವ ಕಾನೂನೇ ಆ ದೇಶದಲ್ಲಿ ಬಂತು. ಹಾಗಂತ ನೀವು 30/40 ಸೈಟಿನಲ್ಲಿ ಮೊರೀಸನ ಹೆಸರು ಹೇಳಿಕೊಂಡು ಜಗಳಕ್ಕೆ ನಿಲ್ಲಬೇಡಿ. ಮೊಟ್ಟೆ ಇಡೋಕೆ ಹೇಂಟೆಗೆ ಹುಂಜ ಬೇಕಿಲ್ಲ, ಮರಿ ಮಾಡಿಸೋಕೆ ಮಾತ್ರ ಬೇಕು. ಹುಂಜ ಬಿಟ್ಟು, ಗೂಡಿನ ಗೋಡೆಯ ಬೆನ್ನು ಅವರ ಕಡೆಗಿರಲಿ. ವಾರಕ್ಕೆ ನಾಲ್ಕು ಮೊಟ್ಟೆ ಕಾಂಪೌಂಡಿನ ಮೇಲಿಂದ ಆ ಕಡೆ ಹೋದರೆ ಅರ್ಧ ತಕರಾರು ಮುಗಿಯಿತು.

2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಇದ್ದ 85 ಕೋಟಿ ಕೋಳಿ ಬಾತುಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. ಅದರ ಹಿಂದಿನ 2012ರ ಗಣತಿಗಿಂತ ಹಿತ್ತಲಿನ ಲೆಕ್ಕ ಸುಮಾರು 46% ಏರಿದೆ. ಫಾರಂಗಳ ಏರಿಕೆ 5% ಕೂಡ ಇಲ್ಲ. ಬೆಂಗಳೂರಿನಲ್ಲೇ ಅಭಿವೃದ್ಧಿ ಮಾಡಿದ ಗಿರಿರಾಜ ತಳಿ ಈ ಹಿತ್ತಲುಗಳಿಗೆಂದೇ ಬಂದದ್ದು. ಗೂಡು ಮನೆಗೆ ವಾಪಸ್ ಬರುತ್ತಿದೆ. ಬರುವಾಗ ಯಾರ ಕೈಗೆ ಬರುತ್ತದೆ ಅನ್ನೋದು ಅದು ಹಿತ್ತಲಿನ ಯಾವ ಮೂಲೆಯಲ್ಲಿ ನಿಲ್ಲುತ್ತದೆ ಅನ್ನೋದರ ಮೇಲಿದೆ.

ಆದ್ದರಿಂದ ಜಾಗ ಹುಡುಕುವವರು ದಿಕ್ಸೂಚಿ, ಟೇಪು ಹಿಡಿಯುವ ಮೊದಲು ಮನೆಯೊಳಗೆ ಹೋಗಿ ಎರಡು ವಿಷಯ ಕೇಳಿ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು, ಸಂಜೆ ಎಣಿಸಿ ಮುಚ್ಚೋರು ಯಾರು? ಮೊಟ್ಟೆಯ ದುಡ್ಡು ಯಾರ ಡಬ್ಬಿಗೆ? ಎರಡಕ್ಕೂ ಒಂದೇ ಹೆಸರು ಬಂದರೆ, ಅವರು ದಿನದಲ್ಲಿ ಅತಿ ಹೆಚ್ಚು ಹೊತ್ತು ಎಲ್ಲಿ ಕೂರುತ್ತಾರೆ ನೋಡಿ, ಅಲ್ಲಿಂದ ಕಾಣುವ ಕಡೆ ಗುದ್ದಲಿ ಹಾಕಿ. ಎರಡು ಹೆಸರು ಬಂದರೆ, ಮೊದಲು ಆ ಮಾತು ಮುಗಿಸಿಕೊಳ್ಳಿ. ಗೂಡು ಆಮೇಲೆ ಕಟ್ಟಬಹುದು.